ಎರಡು ಕಡೆ ಬಾಗಿಲಿದ್ದ ಹೊರಮಾಡ

ನಮ್ಮೂರಿನಲ್ಲಿ ಪ್ರೀತಿಯ ವಸ್ತುವನ್ನು ಯಾರೂ ಮನೆಯೊಳಗೆ ಇಡುವುದಿಲ್ಲ. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ, ಹೊತ್ತು ನೆತ್ತಿಗೆ ಬಂದು ನೆರಳುಗಳು ಪಾದದ ಕೆಳಗೆ ಸರಿದುಕೊಂಡಾಗ, ಇಲ್ಲಿಯ ಮನೆಗಳೆಲ್ಲ ತಮ್ಮ ತಮ್ಮ ವಾಸ್ತುಶಾಂತಿಯ ದಿನಕ್ಕೆ ಮರಳುತ್ತವೆ. ಗೋಡೆಯ ಸುಣ್ಣ ಹಸಿಯಾಗುತ್ತದೆ. ಬಾಗಿಲಿನ ಮಾವಿನ ತೋರಣ ಹಸಿರಾಗುತ್ತದೆ. ಅಂದು ಒಲೆಯ ಮೇಲೆ ಉಕ್ಕಿದ ಹಾಲಿನ ಕಲೆ ಮತ್ತೆ ಒದ್ದೆಯಾಗಿ ವಾಸನೆ ಬೀರುತ್ತದೆ. ಆಮೇಲಿನ ವರ್ಷಗಳಲ್ಲಿ ಒಳಗೆ ಸೇರಿದ್ದೆಲ್ಲ, ಮಂಚವಾಗಲಿ, ಕನ್ನಡಿಯಾಗಲಿ, ಗೋಡೆಯ ಮೇಲೆ ಮಕ್ಕಳು ಗೀಚಿದ ಆನೆಯಾಗಲಿ, ಇಲ್ಲವಾಗುತ್ತದೆ. ಆದ್ದರಿಂದ ಅಂದು ಬೆಳಿಗ್ಗೆಯೇ ಹಾಸಿಗೆ ಪಾತ್ರೆಗಳನ್ನು ಹೊರಗೆ ಹೊತ್ತು ತಂದು, ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಬುತ್ತಿ ಉಂಡು, ಸಂಜೆ ಎಲ್ಲವನ್ನೂ ಮತ್ತೆ ಒಳಗೆ ಹೊರುತ್ತೇವೆ. ಹೊತ್ತು ತರಲು ಮರೆತರೂ ಕಳೆದುಹೋಗಬಾರದ ವಸ್ತುಗಳಿಗಾಗಿ ಹೊರಮಾಡವಿದೆ. ಬೀದಿಯ ಗೋಡೆಯಲ್ಲಿ, ಕಟ್ಟೆಯ ಮೇಲ್ಗಡೆ ಆಳವಾಗಿ ಕೊರೆದ ಮಾಡ, ಅಂದರೆ ಗೂಡು, ಅದು. ಮುಂದೆ ತಗಡಿನ ಬಾಗಿಲು, ಹಿಂದೆ ಗಟ್ಟಿ ಕಲ್ಲು. ಮನೆಯೊಳಗಿನ ಯಾವ ಕೈಯೂ ಅದನ್ನು ಮುಟ್ಟಲಾರದು. ಹಿರಿಯರ ಭಾವಚಿತ್ರ, ಮಗುವಿನ ಮೊದಲ ಹಲ್ಲು, ಉಪ್ಪಿನಕಾಯಿಯ ಭರಣಿ, ಎಲ್ಲವೂ ಅಲ್ಲಿ ಒಂದರ ಮಗ್ಗುಲಲ್ಲಿ ಒಂದು ಕುಳಿತಿರುತ್ತವೆ.

ಮರಳುವ ಮುನ್ನ ಮನೆಯನ್ನು ಚೆಲ್ಲಬೇಕು. ಅದು ನಮ್ಮ ಪದ್ಧತಿ. ವಾಸ್ತುಶಾಂತಿಯ ದಿನದ ತಟ್ಟೆಗಳು ಹೇಗೂ ಮತ್ತೆ ಬರುತ್ತವೆಂದು ಅವನ್ನು ಒಡೆಯುತ್ತೇವೆ, ಹಿಟ್ಟು ಎರಚುತ್ತೇವೆ, ತಿಂಗಳಿಡೀ ನುಂಗಿಕೊಂಡ ಮಾತುಗಳನ್ನು ಇದ್ದಿಲಿನಲ್ಲಿ ಗೋಡೆಗೆ ಬರೆಯುತ್ತೇವೆ. ಅತ್ತೆಯ ಮೇಲೆ ಸೊಸೆ ಬರೆದದ್ದನ್ನು ಅತ್ತೆ ಓದಿ, ಅದರ ಕೆಳಗೆ ತನ್ನದನ್ನೂ ಬರೆದು, ಇಬ್ಬರೂ ಒಂದೇ ಬುತ್ತಿಯಿಂದ ಉಣ್ಣುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಚೆಲ್ಲದೆ ಮರಳಿದ ಮನೆ ಹೊಸದಾಗುವುದಿಲ್ಲ, ಬರಿದೆ ಹಳೆಯ ದಿನಕ್ಕೆ ಹೋಗಿ ಕೂರುತ್ತದೆ ಎಂಬುದು ಹಿರಿಯರ ಮಾತು.

ಇಂಥ ಊರಿನಲ್ಲಿ ಪುಸ್ತಕಗಳು ಬಾಳುವುದಿಲ್ಲ. ಹೊರಮಾಡದ ಸೆಕೆಗೆ ರಟ್ಟು ಸೊಟ್ಟಗಾಗುತ್ತದೆ, ಉಳಿದದ್ದನ್ನು ಗೆದ್ದಲು ಓದಿ ಮುಗಿಸುತ್ತದೆ. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಪ್ರಾಯದಲ್ಲಿ ನವ್ಯ ಕಾವ್ಯಕ್ಕೆ ಸೋತವನು. ಪ್ರಾಸವಿಲ್ಲದ, ತಾಳವಿಲ್ಲದ ಆ ಸಾಲುಗಳನ್ನು ಬಾಯಿಪಾಠ ಮಾಡುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ಸಾಲಿನ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಯಾರೋ ಓದಿ ತೋರಿಸಬೇಕು. ನನಗೆ ತೋರಿಸಿದವಳು ನನ್ನ ಅಕ್ಕ ಚಂಪಾವತಿ. ಊರಿಗೆಲ್ಲ ಆಕೆ ಚಂಪಕ್ಕ. ತನ್ನವೇ ಕವಿತೆಗಳನ್ನೂ ಆಕೆ ಕಟ್ಟುತ್ತಿದ್ದಳು, ಒಂದನ್ನೂ ಬರೆಯಲಿಲ್ಲ. ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದಳು. ಕೇಳಬೇಕಾದವರು ಬಂದು ಕೇಳುತ್ತಿದ್ದರು. "ಚಂಪಕ್ಕಾರ, ಬರದರ ಇಡ್ರಿ" ಎಂದು ಯಾರಾದರೂ ಒತ್ತಾಯಿಸಿದರೆ, "ಬರದ್ರ ಗೆದ್ದಲಕ್ಕ ಹಬ್ಬ. ನಿನ್ನ ತಲ್ಯಾಗ ಇಟ್ಟೀನಿ, ಅಲ್ಲೂ ಗೆದ್ದಲ ಇದ್ರ ನಾ ಏನ ಮಾಡ್ಲಿ?" ಎನ್ನುತ್ತಿದ್ದಳು.

ಆ ಧ್ವನಿ ಒಡೆಯತೊಡಗಿತು. ಮೊದಲು ಕೆಮ್ಮೆಂದೆವು, ಆಮೇಲೆ ವಯಸ್ಸೆಂದೆವು. ದೂರದ ದೊಡ್ಡಾಸ್ಪತ್ರೆಯ ವೈದ್ಯರು ಗಂಟಲಿನಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಬರುವ ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಊರ ಅಗಸಿ ಬಾಗಿಲು ಕಂಡಾಗ ಒಮ್ಮೆ ಮಾತ್ರ ಬಾಯಿ ತೆರೆದಳು. "ತಮ್ಮಾ, ಧ್ವನಿ ಇಡಾಕ ಹೊರಮಾಡ ಎಲ್ಲ್ಯದ?"

ಆ ಪ್ರಶ್ನೆಯನ್ನು ನಾನು ಪಕ್ಕದ ಮನೆಯ ಶಕೀಲಾಳ ಮುಂದೆ ಇಟ್ಟೆ. ಶಕೀಲಾ ಬೇರೆ ಊರಿನವಳು, ನಮ್ಮ ಬೀದಿಯ ಖೈರೂನ್‌ಬಿಯ ಸೊಸೆಯಾಗಿ ಬಂದವಳು. ಕಂಪ್ಯೂಟರಿನ ಕೆಲಸ ಬಲ್ಲವಳು. ಆಕೆಯ ಕಂಪ್ಯೂಟರು ಕೂಡ ಮನೆಯ ಹೊರಮಾಡದಲ್ಲಿಯೇ ವಾಸಿಸುತ್ತಿತ್ತು. ಆಕೆ ಕಟ್ಟೆಯ ಮೇಲೆ ಚಾಪೆ ಹಾಸಿ, ತಗಡಿನ ಬಾಗಿಲು ತೆರೆದು, ಬೀದಿಯ ಎದುರಿಗೇ ಕೆಲಸ ಮಾಡುತ್ತಿದ್ದಳು. "ಸಣ್ಣದೊಂದು ವೆಬ್ ಪುಟ ಕಟ್ಟೋಣ ಕಾಕಾ" ಎಂದಳು. "ಚಂಪಕ್ಕಾರ ಒಂದೊಂದ ಕವಿತಾ ಹೇಳಲಿ, ಅದು ಪುಟದಾಗ ಕುಂಡರ್ತೈತಿ. ಯಾರ ಫೋನಿನ್ಯಾಗ ಒತ್ತಿದ್ರೂ ಅವರ ಧ್ವನಿ ಬರ್ತೈತಿ."

ಪುಟವನ್ನು ಆಕೆ ನೇರವಾಗಿ ಕಂಪ್ಯೂಟರಿನ ಮೇಲೆ ನಡೆಸಲಿಲ್ಲ. ಅದರೊಳಗೆ ಕಂಟೇನರ್ ಎಂಬ ಇನ್ನೊಂದು ಮನೆಯನ್ನು ಕಟ್ಟಿ, ಅಲ್ಲಿ ನಡೆಸಿದಳು. ಮುಂದೆ ಪುಟವನ್ನು ಜಿಲ್ಲಾ ಗ್ರಂಥಾಲಯದ ದೊಡ್ಡ ಯಂತ್ರಕ್ಕೆ ಒಯ್ಯಬೇಕಿತ್ತು. ಇಲ್ಲಿ ನಡೆದದ್ದು ಅಲ್ಲಿ ನಡೆಯಲಿಲ್ಲವೆಂಬ ತಕರಾರು ಬರಬಾರದೆಂದರೆ ಮನೆಯನ್ನೇ ಎತ್ತಿ ಒಯ್ಯುವಂತಿರಬೇಕು ಎಂದು ವಿವರಿಸಿದಳು. ಮೊದಲ ದಿನ ಪುಟ ಒಳಗೆ ನಡೆಯುತ್ತಿದೆಯೆಂದು ಆಕೆ ಹೇಳುತ್ತಿದ್ದಳು, ನಮ್ಮ ಫೋನುಗಳಲ್ಲಿ ಏನೂ ಕಾಣುತ್ತಿರಲಿಲ್ಲ. "ಅಯ್ಯ, ಕಿಂಡಿ ಬಿಡೋದ ಮರತೆ" ಎಂದು ತಲೆ ಚಚ್ಚಿಕೊಂಡು, ಒಳಗಿನ ಒಂದು ಅಂಕಿಯನ್ನು ಹೊರಗಿನ ಒಂದು ಅಂಕಿಗೆ ಜೋಡಿಸಿದಳು. ಕತ್ತಲೆಯ ಮನೆಗೆ ಕಿಂಡಿ ಕೊರೆದಂತೆ ಪುಟ ತೆರೆದುಕೊಂಡಿತು. ಅಕ್ಕ ಅದರೊಳಕ್ಕೆ ಎರಡು ಸಾಲು ಹೇಳಿದಳು. ನಾವು ಒತ್ತಿ ಕೇಳಿದೆವು. ಖೈರೂನ್‌ಬಿ, "ಏ, ಖರೇನ ಚಂಪಕ್ಕ ಒಳಗ ಕುಂತಂಗೈತಿ" ಎಂದು ಕಂಪ್ಯೂಟರಿನ ಹಿಂಬದಿಗೆ ಬಗ್ಗಿ ನೋಡಿದಳು.

ಮರುದಿನ ಆ ಎರಡು ಸಾಲು ಇರಲಿಲ್ಲ. ಶಕೀಲಾ ಪುಟದ ಬಣ್ಣ ಬದಲಿಸಿ, ಹಳೆಯ ಕಂಟೇನರನ್ನು ತೆಗೆದು ಹೊಸದನ್ನು ಏರಿಸಿದ್ದಳು. ಅದು ತನ್ನ ಮೊದಲ ದಿನದಂತೆ ಸ್ವಚ್ಛವಾಗಿ ಎದ್ದಿತ್ತು. ಬೇರೆ ಊರಿನವರಾಗಿದ್ದರೆ ದಿಗಿಲುಗೊಳ್ಳುತ್ತಿದ್ದರೋ ಏನೋ, ನಮ್ಮ ಬೀದಿ ನಕ್ಕುಬಿಟ್ಟಿತು. "ನಮ್ಮೂರಿಗೆ ಸೊಸಿಯಾಗಿ ಬಂದು ಹೊರಮಾಡಿಲ್ಲದ ಮನಿ ಕಟ್ಟೀಯಲ್ಲವಾ!" ಎಂದು ಅಕ್ಕ ಛೇಡಿಸಿದಳು. ಆಗಿನ್ನೂ ಆಕೆಗೆ ಛೇಡಿಸುವಷ್ಟು ಧ್ವನಿಯಿತ್ತು.

ಶಕೀಲಾ ನಾಚಿಕೊಂಡು ಹೊರಮಾಡವನ್ನೂ ಮಾಡಿದಳು. ಕಂಪ್ಯೂಟರಿನ ಒಂದು ಫೋಲ್ಡರನ್ನು, ಅಂದರೆ ಕಡತಕೋಶವನ್ನು, ಕಂಟೇನರಿನ ಒಂದು ಕೋಣೆಗೆ ಜೋಡಿಸಿದಳು. "ಈಗ ಕಂಟೇನರ್ ಎಷ್ಟ ಸಲ ಹೊಸಾದಾದ್ರೂ ಧ್ವನಿ ಹೊರಗ ಉಳೀತೈತಿ" ಎಂದು ಮೂರು ಬಾರಿ ಇಳಿಸಿ ಏರಿಸಿ ತೋರಿಸಿದಳು, ಧ್ವನಿ ಉಳಿದಿತ್ತು. "ಆದ್ರ ನಿಮ್ಮ ಗ್ವಾಡಿ ಮಾಡದ್ಹಂಗ ಅಲ್ಲ ಇದು. ಇದಕ್ಕ ಎರಡೂ ಕಡೆ ಬಾಗಲಾ ಐತಿ, ಒಳಗಿಂದೂ ಕೈ ಹಾಕಬಹುದು" ಎಂದೂ ಹೇಳಿದಳು. ನಾವು ತಲೆಯಾಡಿಸಿದೆವು. ಈಗ ನೆನೆದರೆ, ನಾವು ತಲೆಯಾಡಿಸಿದ್ದು ಉಳಿಯುತ್ತದೆ ಎಂಬ ಮಾತಿಗೆ ಮಾತ್ರ. ಹಿಂದೆ ಕಲ್ಲಿಲ್ಲದ ಹೊರಮಾಡವನ್ನು ಕಲ್ಪಿಸಿಕೊಳ್ಳಲು ನಮ್ಮಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನದವರೆಗೂ ಅಕ್ಕ ಹೇಳಿದಳು. ಬೆಳಗಿನ ಹೊತ್ತು ಗಂಟಲು ಸ್ವಲ್ಪ ಮೆತ್ತಗಿರುತ್ತಿತ್ತು, ಆಗ ಒಂದೋ ಎರಡೋ ಕವಿತೆ. ನಡುವೆ ಕೆಮ್ಮು ಬಂದರೆ ಆಕೆಗೆ ಅಸಹ್ಯ. ಕೆಮ್ಮಿದ ಕಡತವನ್ನು ಕಂಟೇನರಿನೊಳಗೇ ಹೋಗಿ ಅಳಿಸುವ ಆಜ್ಞೆಯನ್ನು ಶಕೀಲಾಳಿಂದ ಕಲಿತಳು. ಕಪ್ಪು ಪರದೆಯ ಮೇಲೆ ಒಂದೊಂದೇ ಅಕ್ಷರ ಒತ್ತಿ, "ಹೋಗ, ಸುಡುಗಾಡ ಕೆಮ್ಮ" ಎಂದು ಅಳಿಸಿಬಿಡುತ್ತಿದ್ದಳು. ಹೆಸರಿನ ಜಾಗದಲ್ಲಿ ನಕ್ಷತ್ರದಂಥ ಒಂದು ಚುಕ್ಕೆಯ ಗುರುತು ಹಾಕಿದರೆ ಎಲ್ಲವೂ ಹೋಗುತ್ತದೆಂಬುದನ್ನೂ ಆಕೆಯೇ ಕೇಳಿ ತಿಳಿದುಕೊಂಡಿದ್ದಳು. ಒಳಗೆ ಒಡೆದದ್ದು ಮನೆ ಹೊಸದಾದಾಗ ಮರಳಿ ಬರಬೇಕಲ್ಲವೇ? ಆ ಕೆಮ್ಮುಗಳು ಒಮ್ಮೆಯೂ ಮರಳಲಿಲ್ಲ. ಮರಳದಿದ್ದದ್ದನ್ನು ನಾವು ಯಾರೂ ಗಮನಿಸಲಿಲ್ಲ.

ಆಸ್ಪತ್ರೆಯಿಂದ ಅಕ್ಕ ಕೊರಳಿಗೊಂದು ತೆಳು ಬಟ್ಟೆ ಕಟ್ಟಿಕೊಂಡು ಬಂದಳು. ಉಸಿರಾಡಿದಾಗಲೆಲ್ಲ ಆ ಬಟ್ಟೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಕೈಯಲ್ಲಿ ಒಂದು ಪಾಟಿ, ಬಳಪ. ಬರೆಯುವುದನ್ನೇ ಒಲ್ಲೆನೆಂದಿದ್ದವಳು ಹಾಲಿನವನ ಜೊತೆ ಜಗಳವನ್ನೂ ಬಳಪದಲ್ಲಿ ಆಡಬೇಕಾಯಿತು. ಆದರೂ ಮುಖದಲ್ಲಿ ಒಂದು ನಿಶ್ಚಿಂತೆಯಿತ್ತು. ಸಂಜೆ ನನ್ನ ಫೋನು ಇಸಿದುಕೊಂಡು ತನ್ನ ಧ್ವನಿಯನ್ನು ತಾನೇ ಕೇಳುತ್ತ ಕೂರುತ್ತಿದ್ದಳು. ಒಮ್ಮೊಮ್ಮೆ ತುಟಿಗಳು ಕೂಡ ಆಡುತ್ತಿದ್ದವು. ಬರುವ ಅಮಾವಾಸ್ಯೆಗೆ ಪುಟವನ್ನು ಊರಿಗೆಲ್ಲ ತೆರೆಯುವುದೆಂದು ನಿಶ್ಚಯವಾಯಿತು.

ಅಂದು ಬೆಳಿಗ್ಗೆ ಬೀದಿಯ ತುಂಬ ತಟ್ಟೆಗಳು ಒಡೆಯುತ್ತಿದ್ದವು. ನಮ್ಮ ಮನೆಯನ್ನು ಚೆಲ್ಲಿ ಮುಗಿಸಿ, ಕೈಗೆ ಹಿಟ್ಟು ಮೆತ್ತಿಕೊಂಡೇ ಅಕ್ಕನೂ ನಾನೂ ಶಕೀಲಾಳ ಕಟ್ಟೆಗೆ ಹೋದೆವು. "ಇವತ್ತ ಈ ಕಂಟೇನರ್ ಇಳಿಸಿ ಹೊಸಾದ ಏರಿಸ್ತೀನಿ ಚಂಪಕ್ಕಾರ" ಎಂದು ಆಕೆ ಹೇಳುತ್ತಿರುವಾಗಲೇ ಒಳಗಿನಿಂದ ಖೈರೂನ್‌ಬಿ ಕೂಗಿದಳು: "ಏ ಶಕೀಲಾ, ಬಾರಽ! ನನ್ನೊಬ್ಬಾಕಿ ಕೈಲೆ ಎಷ್ಟಂತ ಒಡೀಲಿ? ನಿನ್ನ ಮ್ಯಾಲೆ ಬರಿಯೋದ ಇನ್ನೂ ಬಾಕಿ ಐತಿ!" ಶಕೀಲಾ ನಗುತ್ತ ಒಳಗೆ ಓಡಿದಳು. ಕಪ್ಪು ಪರದೆ ತೆರೆದೇ ಇತ್ತು.

ನಾನು ಗೋಡೆಗೆ ಒರಗಿ, ಫೋನಿನಲ್ಲಿ ನನ್ನ ಇಷ್ಟದ ಕವಿತೆಯನ್ನು ಒತ್ತಿದೆ. ಮಧ್ಯಾಹ್ನದ ಖಾಲಿ ಬೀದಿಯೊಂದರ ಕವಿತೆ ಅದು. ನಾಯಿಯ ನಾಲಿಗೆ, ಮುಚ್ಚಿದ ಅಂಗಡಿ, ಒಣಗಲು ಹಾಕಿದ ಸೀರೆಯ ನೆರಳು, ಹೀಗೆ ನಿಧಾನವಾಗಿ ನಡೆದುಬಂದು ಕೊನೆಗೆ ಒಂದು ಮನೆಯ ಮುಂದೆ ನಿಲ್ಲುತ್ತದೆ. ಅಕ್ಕ ಚಾಪೆಯ ಮೇಲೆ ಕುಳಿತು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಪಾಟಿಯ ಮೇಲೆ ಬರೆದು ನನ್ನತ್ತ ತಿರುಗಿಸಿದಳು: "ಇದನ್ನ ಚೆಲ್ಲಿಲ್ಲ."

"ಯಂತ್ರದ ಮನಿಗೂ ಚೆಲ್ಲೋದ ಅದನ, ಅಕ್ಕಾ?" ಎಂದೆ.

"ಮನಿ ಅಂದಮ್ಯಾಲೆ ಮನಿ" ಎಂದು ಬರೆದಳು. ನಾನು ನಕ್ಕೆ. ಆ ಗಳಿಗೆಯಲ್ಲಿ ಊರಿನ ಯಾರನ್ನೇ ಕೇಳಿದ್ದರೂ ಸರಿಯೆಂದೇ ಅನ್ನುತ್ತಿದ್ದರು. ಹೊಸದಾಗಲಿರುವ ಮನೆಯನ್ನು ಚೆಲ್ಲದೆ ಬಿಡುವುದು ಅಶುಭ, ಮತ್ತು ಧ್ವನಿ ಹೇಗೂ ಹೊರಮಾಡದಲ್ಲಿತ್ತು. ಅಕ್ಕ ಹಿಟ್ಟು ಮೆತ್ತಿದ ಬೆರಳಿನಿಂದ ಕಂಟೇನರಿನೊಳಗೆ ಹೋಗಿ, ಅಳಿಸುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಒತ್ತಿ, ಹೆಸರಿನ ಜಾಗದಲ್ಲಿ ಆ ಚುಕ್ಕೆಯ ಗುರುತನ್ನು ಇಟ್ಟಳು. ತಟ್ಟೆ ಎತ್ತಿ ಹಿಡಿದವರ ಮುಖದ ಮೇಲೆ ಬರುವ ತುಂಟ ನಗು ಆಕೆಯ ಮುಖದ ಮೇಲಿತ್ತು. ಒತ್ತಿದಳು.

ನನ್ನ ಫೋನಿನಲ್ಲಿ ಆಕೆಯ ಧ್ವನಿ ಹೇಳುತ್ತಿತ್ತು: "ಗೋಡೆಗೆ ಒರಗಿದ ಬಿಸಿಲು ಕೇಳಿತು, ಒಳಗೆ ಯಾರಿದ್ದೀರಿ?"

ಅಲ್ಲಿಗೆ ನಿಂತಿತು. ಪರದೆಯ ಮೇಲೆ ಸಣ್ಣದೊಂದು ವೃತ್ತ ತಿರುಗತೊಡಗಿತು. ಸಂಪರ್ಕ ಹೋಗಿರಬೇಕೆಂದು ನಾನು ಫೋನನ್ನು ಬಿಸಿಲಿನತ್ತ ಎತ್ತಿ ಹಿಡಿದೆ. ವೃತ್ತ ತಿರುಗುತ್ತಲೇ ಇತ್ತು. ಬೇರೆ ಯಾವ ಮನೆಯಲ್ಲೋ ಒಂದು ದೊಡ್ಡ ಹರಿವಾಣ ಬಿದ್ದು ಬಹಳ ಹೊತ್ತು ಗಿರಗಿರನೆ ಸುತ್ತಿ ಸುಮ್ಮನಾಯಿತು.

ಶಕೀಲಾ ಇದ್ದಿಲಿನ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಪರದೆಯನ್ನು ನೋಡಿದಳು. ಆಕೆಯ ಕೈ ಸೆರಗಿನಲ್ಲಿಯೇ ನಿಂತುಬಿಟ್ಟಿತು.

"ಚಂಪಕ್ಕಾರ, ಏನ ಮಾಡಿದ್ರಿ?"

ಅಕ್ಕ ಹೆಮ್ಮೆಯಿಂದ ಬರೆದಳು: "ಚೆಲ್ಲಿದೆ."

"ಎಲ್ಲಿ?"

"ಒಳಗ."

ಶಕೀಲಾ ಕುಳಿತು, ಹೊರಗಿನ ಕಡತಕೋಶವನ್ನು ತೆರೆದಳು. ಬಿಳಿಯ ಕಿಟಕಿಯೊಂದು ಮೂಡಿತು. ಅದರಲ್ಲಿ ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದಳು. ಅಷ್ಟು ಬಿಳುಪನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಆಗ ತಾನೇ ಸುಣ್ಣ ಬಳಿದ ಗೋಡೆಯಲ್ಲೂ ಕುಂಚದ ಗೆರೆಯಾದರೂ ಇರುತ್ತದೆ.

"ಹೊರಗಿನ ಧ್ವನಿ ಅದ ಅಲ್ಲವಾ?" ಎಂದೆ. ನನ್ನ ಮಾತು ನನಗೇ ಬೇರೆ ಯಾರದೋ ಎನಿಸಿತು.

"ಹೊರಗು ಒಳಗು ಬ್ಯಾರೆ ಅಲ್ಲ ಕಾಕಾ. ಅದು ಒಂದಽ ಮಾಡ. ಎರಡೂ ಕಡೆ ಬಾಗಲಾ ಐತಿ ಅಂದಿದ್ನಲ್ಲ, ಒಳಗಿಂದ ಚೆಲ್ಲಿದ್ರ ಹೊರಗಿಂದೂ ಚೆಲ್ಲಿದಂಗ." ಆಕೆಯ ಗಲ್ಲದ ಮೇಲೆ ಇದ್ದಿಲಿನ ಕರೆ ಹಾಗೆಯೇ ಇತ್ತು, ಅದರ ಮೇಲೆ ಕಣ್ಣೀರು ಇಳಿಯಿತು. "ಇನ್ನಾ ಕಟ್ಟಾಕತ್ತಿದ್ದೆ ಕಾಕಾ. ಇವತ್ತ ಊರಿಗೆ ತೆರದ ಮ್ಯಾಲೆ ಇನ್ನೊಂದ ಪ್ರತಿ ತಗದ ಇಡೂಣು ಅಂತಿದ್ದೆ. ಇವತ್ತಽ ಇಡೂಣು ಅಂತಿದ್ದೆ."

ನಾನು ಅಕ್ಕನತ್ತ ನೋಡಿದೆ. ಆಕೆಗೆ ಅರ್ಥವಾಗಿತ್ತು. ಆಕೆಯ ಬಾಯಿ ತೆರೆಯಿತು, ದವಡೆ ಬಿಗಿಯಿತು, ಕುತ್ತಿಗೆಯ ನರಗಳು ಎದ್ದುನಿಂತವು. ಇಡೀ ದೇಹ ಕೂಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಕೊರಳಿನ ಬಟ್ಟೆ ಒಮ್ಮೆ ಪಟಪಟನೆ ಹೊಡೆದುಕೊಂಡು ನಿಂತಿತು. ಎಷ್ಟೋ ಕವಿತೆಗಳಲ್ಲಿ ನಾನು ಮೌನವೆಂಬ ಶಬ್ದವನ್ನು ಮೆಚ್ಚಿ ಓದಿದ್ದೇನೆ. ಆ ಕಟ್ಟೆಯ ಮೇಲೆ ಅದನ್ನು ಕಣ್ಣಾರೆ ಕಂಡೆ. ಅಂದಿನಿಂದ ಆ ಶಬ್ದವನ್ನು ಉಚ್ಚರಿಸಲು ನನಗೆ ಭಯ.

ಹೊತ್ತು ನೆತ್ತಿಗೆ ಬಂದು ಮನೆಗಳೆಲ್ಲ ಮರಳಿದವು. ಉಕ್ಕಿದ ಹಾಲಿನ ವಾಸನೆ ಬೀದಿಯಲ್ಲಿ ಹರಡಿತು. ನಮ್ಮ ಕಟ್ಟೆಗಳಲ್ಲಿ ಬುತ್ತಿಯ ಗಂಟು ಯಾರೂ ಬಿಚ್ಚಲಿಲ್ಲ. ಶಕೀಲಾ ಸಂಜೆಯವರೆಗೂ ಏನೇನೋ ಸಾಧನ ಹಾಕಿ ಯಂತ್ರವನ್ನು ಕೆದಕಿದಳು. ಕೊನೆಗೆ ತಲೆ ಎತ್ತಿದಾಗ ನಾನು ಫೋನನ್ನು ಹೊಸದಾಗಿ ಒತ್ತಿ ನೋಡುವವನಿದ್ದೆ. "ಕಾಕಾ, ಮುಟ್ಟಬ್ಯಾಡ್ರಿ!" ಎಂದು ಚೀರಿ ಕಸಿದುಕೊಂಡಳು. ಆ ಕವಿತೆಯಲ್ಲಿ ನಿಲ್ಲುವವರೆಗಿನ ಭಾಗ ಫೋನಿಗೆ ಇಳಿದಿತ್ತು; ಪುಟವನ್ನು ಹೊಸದಾಗಿಸಿದ್ದರೆ ಅದೂ ಹೋಗುತ್ತಿತ್ತು. ಇನ್ನೊಂದು ಫೋನನ್ನು ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು, ಅಷ್ಟನ್ನು ಮುದ್ರಿಸಿಕೊಂಡಳು. ಅಕ್ಕನ ಧ್ವನಿಯಾಗಿ ಭೂಮಿಯ ಮೇಲೆ ಉಳಿದದ್ದು ಅಷ್ಟೇ: ಒಂದು ಖಾಲಿ ಬೀದಿ, ಒಂದು ಪ್ರಶ್ನೆ. ಉತ್ತರದ ಸಾಲು ಹೋಗಿತ್ತು.

ಆ ತಿಂಗಳು ಅಕ್ಕ ಕಟ್ಟೆಗೆ ಬರಲಿಲ್ಲ. ಪಾಟಿಯನ್ನು ಮುಟ್ಟಲಿಲ್ಲ. ಶಕೀಲಾ ದಿನಾಲೂ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದಳು. ಖೈರೂನ್‌ಬಿ ಮಾತ್ರ ಒಳಗೇ ನುಗ್ಗಿ, "ಏ ಚಂಪಕ್ಕಾ, ನಿನ್ನ ಧ್ವನಿ ಹೋದ್ರ ನಿನ್ನ ಕೂಡ ಜಗಳಾಡೋ ನನ್ನ ಧ್ವನೀನೂ ದಂಡ ಆತಲ್ಲ" ಎಂದು ಬೈದು, ಗಂಜಿ ಕುಡಿಸಿ ಹೋಗುತ್ತಿದ್ದಳು.

ಮತ್ತೆ ಅಮಾವಾಸ್ಯೆ ಬಂತು. ನಾನು ಹಾಸಿಗೆ ಪಾತ್ರೆಗಳನ್ನು ಹೊರಗೆ ಹೊತ್ತು, ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಅಕ್ಕನನ್ನು ಕರೆಯಲು ಹೋದೆ. ಆಕೆ ಪಡಸಾಲೆಯಲ್ಲಿ ಬೀದಿಯ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಒಂದು ತಟ್ಟೆಯೂ ಒಡೆದಿರಲಿಲ್ಲ. ತಿಂಗಳ ಮೇಲೆ ಮೊದಲ ಬಾರಿ ಪಾಟಿ ಎತ್ತಿ ತೋರಿಸಿದಳು: "ಚೆಲ್ಲಿದಾಕಿ ಒಳಗಽ ಇರಬೇಕು."

ಹೊತ್ತು ನೆತ್ತಿಗೆ ಬಂದಾಗ ಒಳಗೆ ಉಳಿದವರ ಕಥೆಯನ್ನು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ನಾನು ಆಕೆಯ ಕೈ ಹಿಡಿದೆ, ಕೊಡವಿಕೊಂಡಳು. "ಅಕ್ಕಾ, ನಾನೂ ನಕ್ಕಿದ್ದೆ. ಹಂಗಿದ್ರ ನಾನೂ ಒಳಗ ಕೂಡಬೇಕು" ಎಂದೆ. ಆಕೆ ನನ್ನನ್ನು ಎರಡೂ ಕೈಗಳಿಂದ ಹೊಸ್ತಿಲಾಚೆ ನೂಕಿ ಒಳಗಿನಿಂದ ಚಿಲಕ ಹಾಕಿದಳು. ಆ ಮುದಿ ಕೈಗಳಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಬಾಗಿಲು ಬಡಿದೆ. ಕೂಗಿದೆ. ಶಕೀಲಾ ಓಡಿ ಬಂದು ಕೂಗಿದಳು, ಖೈರೂನ್‌ಬಿ ಬಂದು ಬೈದಳು. ನಮ್ಮ ನೆರಳುಗಳು ಗಿಡ್ಡವಾಗುತ್ತಿದ್ದವು.

ಆಗ ನಾನು ಹೊರಮಾಡದ ತಗಡಿನ ಬಾಗಿಲು ತೆರೆದೆ. ಅಪ್ಪನ ಭಾವಚಿತ್ರವನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಸರಿಸಿ, ಹಿಂಬದಿಯ ಕಲ್ಲಿಗೆ ತಾಗುವಂತೆ ಫೋನನ್ನು ಇಟ್ಟು ಒತ್ತಿದೆ. ಆ ಕಲ್ಲು ಕೈಗಳನ್ನು ತಡೆಯುತ್ತದೆ, ಸದ್ದನ್ನಲ್ಲ. ಅಕ್ಕನ ಧ್ವನಿ ಕಲ್ಲಿನೊಳಕ್ಕೆ ನಡೆಯಿತು: ನಾಯಿಯ ನಾಲಿಗೆ, ಮುಚ್ಚಿದ ಅಂಗಡಿ, ಸೀರೆಯ ನೆರಳು. ಬೀದಿಯಲ್ಲಿ ತಟ್ಟೆ ಒಡೆಯುತ್ತಿದ್ದವರೆಲ್ಲ ಕೈ ತಡೆದರು. "ಗೋಡೆಗೆ ಒರಗಿದ ಬಿಸಿಲು ಕೇಳಿತು, ಒಳಗೆ ಯಾರಿದ್ದೀರಿ?"

ಧ್ವನಿ ನಿಂತಿತು. ನಾನು ಕಲ್ಲಿಗೆ ಕಿವಿ ಹಚ್ಚಿದೆ.

ಮೊದಲು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಬೆರಳ ಗೆಣ್ಣಿನ ಸದ್ದು ಬಂತು. ಎರಡು ಸಲ ತಟ್ಟಿ ನಿಂತಿತು. ಮತ್ತೆ ಎರಡು. ಆಮೇಲೆ ಬೇಗ ಬೇಗ ಒಂದಿಷ್ಟು, ಒಂದು ದೀರ್ಘ ಬಿಡುವು, ಕೊನೆಗೆ ಮೆಲ್ಲಗೆ, ಮುಗ್ಗರಿಸಿದಂತೆ ಇಳಿದುಹೋಗುವ ಪೆಟ್ಟುಗಳು. ಆ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ನನಗೆ ಅದನ್ನು ಕಲಿಸಿದವಳೇ ತಟ್ಟುತ್ತಿದ್ದಳು. ಹೋದ ಸಾಲು ಅದು. ನಾನು ಬೀದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಅದನ್ನು ಗಟ್ಟಿಯಾಗಿ ಹೇಳಿದೆ: "ಯಾರೂ ಇಲ್ಲ ಎಂದೆ ನಾನು, ಒಳಗಿನಿಂದ."

ಕಲ್ಲಿನಾಚೆ ಗೆಣ್ಣಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮೊದಲ ತಟ್ಟೆ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಹಿಟ್ಟಿನ ಡಬ್ಬಿ ಉರುಳಿದ ಸದ್ದು, ಆಮೇಲೆ ಚಿಲಕಕ್ಕೆ ಕೈ ಹಾಕಿದ ಸದ್ದು. ನನ್ನ ನೆರಳು ಇನ್ನೂ ಪಾದದಾಚೆಗೆ ಗೇಣುದ್ದ ಇತ್ತು. ನಾನು ಕಟ್ಟೆಯ ಮೇಲೆ ಕುಳಿತು ಬುತ್ತಿಯ ಗಂಟನ್ನು ಬಿಚ್ಚತೊಡಗಿದೆ.